ವಿದೇಶಿ ಡಾಕ್ಟರನ್ನು ಮನೋವೈದ್ಯನಾಗಿ ಜೋಡಿಸುವ ಕೈಪಿಡಿ (ಹಾಸನ ಜಿಲ್ಲಾ ಆವೃತ್ತಿ)

ಅಭಿನಂದನೆಗಳು! ನಿಮ್ಮ ಮನೆಗೆ ಒಬ್ಬ ವಿದೇಶಿ ಡಾಕ್ಟರ್ ಬಂದಿಳಿದಿದ್ದಾನೆ. ಬಿಷ್ಕೆಕ್, ಟಿಬಿಲಿಸಿ, ಮನಿಲಾ, ಖಾರ್ಕಿವ್, ಯಾವ ಊರಲ್ಲಿ ತಯಾರಾದ ಮಾದರಿಯಾದರೂ ಸರಿ, ಈ ಕೈಪಿಡಿ ಅನ್ವಯಿಸುತ್ತದೆ. ಕೊನೆಯ ಪುಟದವರೆಗೆ ಓದುವ ತನಕ ದಯವಿಟ್ಟು ಬೋರ್ಡು ಬರೆಸಬೇಡಿ. ಚನ್ನರಾಯಪಟ್ಟಣದ ಕಡೆ ಮಗ ಇನ್ನೂ ವಿಮಾನದಲ್ಲಿರುವಾಗಲೇ ಅಪ್ಪ ಪೇಂಟರನ್ನು ಕರೆಸುವುದುಂಟು. 'ಡಾ.' ಎಂಬ ಒಂದಕ್ಷರ ಬರೆದು ಅಲ್ಲಿಗೇ ನಿಲ್ಲಿಸುವಂತೆ ಹೇಳಿ. ಬಣ್ಣ ಒಣಗಲಿ. ಕಮ್ಮಿಯೆಂದರೂ ಐದು ವರ್ಷ ಸಮಯವಿದೆ.

ಬಂದಿರುವುದು ಮಗಳಾದರೆ ಮುಂದಿನ ಕ್ರಿಯಾಪದಗಳನ್ನೆಲ್ಲ ಬದಲಿಸಿಕೊಂಡು ಓದಿ. ಉಳಿದದ್ದೆಲ್ಲ ಅದೇ. ಮದುವೆಯ ಭಾಗ ಮಾತ್ರ ಎರಡರಷ್ಟು ಉದ್ದ.

ಇದನ್ನು ಬರೆಯುವವನಿಗೆ ಏನು ಅರ್ಹತೆ ಎಂದು ಕೇಳಿದರೆ, ಅಕ್ಕನ ಮಗನೊಬ್ಬನ ಕಡತವನ್ನು ಬಗಲಲ್ಲಿಟ್ಟುಕೊಂಡು ಬೆಂಗಳೂರಿನ ಬೆಳಗಿನ ಬಂಡಿ ಹತ್ತಿದ ಅನುಭವ ಅಷ್ಟೇ. ಆ ಕಡತ ಈಗ ನಮ್ಮ ಮನೆಯಲ್ಲಿ ಪಂಚಾಂಗದ ಪಕ್ಕದಲ್ಲಿದೆ.

ಪೆಟ್ಟಿಗೆಯೊಳಗೆ ಏನೇನಿದೆ

ತೆರೆದ ಕೂಡಲೇ ಈ ವಸ್ತುಗಳಿವೆಯೇ ನೋಡಿಕೊಳ್ಳಿ. ಚಿನ್ನದ ಅಕ್ಷರದ ಪದವಿಪತ್ರ, ಅದರ ಇಂಗ್ಲಿಷ್ ಅನುವಾದ, ಅನುವಾದ ಸರಿಯಿದೆ ಎಂಬ ನೋಟರಿ ಮುದ್ರೆ, ಆ ಮುದ್ರೆ ಸರಿಯಿದೆ ಎಂಬ ಅಪೊಸ್ಟಿಲ್. ಅಂಕಪಟ್ಟಿ, ಗಂಟೆಗಳ ಲೆಕ್ಕದ ಸಮೇತ. ಮಂಡಿಯವರೆಗಿನ ಚಳಿಗಾಲದ ಬೂಟು ಒಂದು ಜೊತೆ (ಅರಕಲಗೂಡಿನ ಯಾವ ಮಾಗಿಗೂ ಇದು ಬೇಕಾಗುವುದಿಲ್ಲ, ಅಟ್ಟಕ್ಕೆ ಹಾಕಿ). ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಚಿತ್ರಗಳು. ತೆಂಗಿನ ತೋಟದ ಮೇಲಿನ ಸಾಲದ ಪತ್ರ ಪೆಟ್ಟಿಗೆಯಲ್ಲಿ ಇರುವುದಿಲ್ಲ, ಅದು ಬ್ಯಾಂಕಿನಲ್ಲಿದೆ.

2018ರ ನಂತರ ಹೊರಟ ಮಾದರಿಯಾದರೆ ನೀಟ್ ಅಂಕಪಟ್ಟಿಯೂ ಇರಬೇಕು. ಇಲ್ಲಿ ಸೀಟು ಸಿಗದೆ ಹೊರಗೆ ಹೋಗುವವನೂ ಇಲ್ಲಿನ ನೀಟಿನಲ್ಲಿ ಅರ್ಹನಾಗಿಯೇ ಹೋಗಬೇಕೆಂಬುದು ಆ ವರ್ಷ ಬಂದ ನಿಯಮ. 2021ರ ನವೆಂಬರ್ 18ರ ನಂತರದ ಮಾದರಿಗಳಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಇನ್ನಷ್ಟು ಅಳತೆಗಳಿವೆ: ಕಲಿಕೆ ಕನಿಷ್ಠ 54 ತಿಂಗಳು, ಒಂದೇ ಸಂಸ್ಥೆಯಲ್ಲಿ, ಇಂಗ್ಲಿಷ್ ಮಾಧ್ಯಮದಲ್ಲಿ. ಆಮೇಲೆ 12 ತಿಂಗಳ ಇಂಟರ್ನ್‌ಶಿಪ್ ಅಲ್ಲಿಯೇ. ಆಮೇಲೆ ಮತ್ತೆ 12 ತಿಂಗಳು ಇಲ್ಲಿ. ಕಲಿತ ದೇಶದಲ್ಲಿ ವೈದ್ಯನಾಗಿ ಕೆಲಸ ಮಾಡುವ ಪರವಾನಗಿಗೂ ಅವನು ಅರ್ಹನಾಗಿರಬೇಕು. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲ ಮುಗಿಯಬೇಕು. 54 ತಿಂಗಳ ಕೋರ್ಸನ್ನು 48 ತಿಂಗಳಲ್ಲಿ ಮುಗಿಸುವ ಕಾಲೇಜು ತೋರಿಸಿದ ಏಜೆಂಟ್ ಈಗ ಫೋನ್ ಎತ್ತುವುದಿಲ್ಲ. ಎತ್ತದಿದ್ದರೆ ಅದು ಯಂತ್ರದ ದೋಷವಲ್ಲ.

ಹೆಸರಿನ ಜೋಡಣೆ

ಇಡೀ ಜೋಡಣೆಯಲ್ಲಿ ಹೆಚ್ಚು ಸ್ಕ್ರೂಗಳಿರುವುದು ಇಲ್ಲೇ. ಸಾವಕಾಶವಾಗಿ ಓದಿ.

ನಿಮ್ಮ ಹುಡುಗನ ಹೆಸರಿನ ಮುಂದೆ 'ಎಚ್.ಎನ್.' ಎಂದಿದೆ. 'ಎಚ್' ಹೊಳೆನರಸೀಪುರ, 'ಎನ್' ಅಪ್ಪನ ಹೆಸರಿನ ಮೊದಲಕ್ಷರ. ನಮ್ಮ ಹೆಸರುಗಳಲ್ಲಿ ಊರು ಮುಂದೆ, ಅಪ್ಪ ಹಿಂದೆ, ತಾನು ಕೊನೆಗೆ. ಪಾಸ್‌ಪೋರ್ಟಿಗೆ ಇದು ಹಿಡಿಸುವುದಿಲ್ಲ, ಅದಕ್ಕೊಂದು 'ಮನೆತನದ ಹೆಸರು' ಬೇಕು. ಆದ್ದರಿಂದ ಅಲ್ಲಿ ಊರನ್ನು ಬಿಡಿಸಿ ಪೂರ್ತಿ ಬರೆಸಿದ್ದೀರಿ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಊರು ಒಂದು ರೀತಿ, ಪಾಸ್‌ಪೋರ್ಟಿನಲ್ಲಿ 'ಪುರ' ಹೋಗಿ 'ಪುರ್', ಆಧಾರ್‌ನಲ್ಲಿ ನಡುವಿನ ಒಂದು 'ಎ' ಮಾಯ. ಅರಕಲಗೂಡಿನವರ ಪಾಡು ಇನ್ನೂ ಘನವಾದುದು. ಆ ಊರಿನ ಇಂಗ್ಲಿಷ್ ಕಾಗುಣಿತವನ್ನು ಬಸ್ಸಿನ ಬೋರ್ಡು, ಗೆಜೆಟ್, ಬ್ಯಾಂಕಿನ ಪಾಸ್‌ಬುಕ್ ಮೂರೂ ಮೂರು ತರ ಬರೆದಿವೆ. ಚನ್ನರಾಯಪಟ್ಟಣವಾದರೆ 'ಚ' ಮೊದಲೋ 'ಚೆ' ಮೊದಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಬಿಷ್ಕೆಕ್ ಮಾದರಿಯಾದರೆ ಈ ಹೆಸರು ಒಮ್ಮೆ ರಷ್ಯನ್ ಲಿಪಿಗೆ ಹೋಗಿ ಬರುತ್ತದೆ. ರಷ್ಯನ್ನಿನಲ್ಲಿ ನಮ್ಮ 'ಹ' ಇಲ್ಲ. ಹಳೆಯ ಪದ್ಧತಿಯಲ್ಲಿ ಅದನ್ನು 'ಗ' ಎಂದೇ ಬರೆಯುತ್ತಿದ್ದರು, ಹಿಟ್ಲರನು ಅವರಿಗೆ ಇಂದಿಗೂ ಗಿಟ್ಲರ್. ಹಳೆಯ ಕೈಯ ಗುಮಾಸ್ತನೊಬ್ಬ ಸಿಕ್ಕಿದರೆ ಹೊಳೆನರಸೀಪುರ ಅಲ್ಲಿ ಗೋಳೆನರಸೀಪುರವಾಗಿ, ಹಾಗೆಯೇ ಇಂಗ್ಲಿಷಿಗೆ ಮರಳಿ, ಮುದ್ರೆ ಹಾಕಿಸಿಕೊಂಡು ಮನೆಗೆ ಬರುತ್ತದೆ. ಗುಮಾಸ್ತನನ್ನು ಬೈಯುವ ಮುನ್ನ ಒಮ್ಮೆ ನಿಮ್ಮ ಅಜ್ಜಿಯನ್ನು ಊರಿನ ಹೆಸರು ಕೇಳಿ. 'ಒಳೇನರ್ಸೀಪುರ' ಎನ್ನುತ್ತಾರೆ. ಹಾಸನ ಅವರಿಗೆ 'ಆಸ್ನ'. ಮನೆಯಲ್ಲಿ ಬಿದ್ದುಹೋದ 'ಹ'ಕಾರ ಪರದೇಶದಲ್ಲಿ ಹೇಗೆ ಉಳಿದೀತು?

ದೋಷ ಸರಿಪಡಿಸುವ ವಿಧಾನ: ಎರಡೂ ಹೆಸರಿನವನು ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿಸಿ. ಒಬ್ಬ ಮನುಷ್ಯ ತಾನು ತಾನೇ ಎಂದು ನೋಟರಿಯ ಮುಂದೆ ಆಣೆ ಮಾಡುವ ಗಳಿಗೆ ಮನೋವೈದ್ಯಶಾಸ್ತ್ರಕ್ಕೆ ಒಳ್ಳೆಯ ಪ್ರವೇಶಿಕೆ. ಅಕ್ಕನ ಮಗ ಅಂದು ನನ್ನ ಕಡೆ ತಿರುಗಿ, 'ಮಾವ, ಇದಕ್ಕೆ ಪಠ್ಯದಲ್ಲಿ ಒಂದು ಹೆಸರಿದೆ' ಎಂದ. ಯಾವ ಹೆಸರೆಂದು ಹೇಳಲಿಲ್ಲ.

ವಿದ್ಯುತ್ ಸಂಪರ್ಕ

ಈಗ ಯಂತ್ರವನ್ನು ಪ್ಲಗ್ಗಿಗೆ ಹಾಕಬೇಕು. ಪ್ಲಗ್ಗಿನ ಹೆಸರು ಎಫ್‌ಎಂಜಿಇ, ವಿದೇಶಿ ವೈದ್ಯ ಪದವೀಧರರ ಪರೀಕ್ಷೆ. 2002ರಿಂದ ಇದೆ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಂದು ಸಲ ತೆಗೆಯುತ್ತದೆ, ಇದು ಜೂನ್ ಮತ್ತು ಡಿಸೆಂಬರ್ ಎಂದು ಎರಡು ಸಲ. ಆ ಮಟ್ಟಿಗೆ ಈ ಕಡೆ ಉದಾರ. ಕಳೆದ ವರ್ಷ ಹಚ್ಚಿಟ್ಟ ದೀಪ ಬಾಗಿಲು ತೆಗೆದಾಗಲೂ ಉರಿಯುತ್ತಿರುತ್ತದೆ, ಮುಡಿಸಿದ ಹೂ ಬಾಡಿರುವುದಿಲ್ಲ ಎಂದು ಹಾಸನದಲ್ಲಿ ನಂಬಿಕೆ. ಒಂದನೆಯ ವರ್ಷ ಓದಿದ ಅಂಗರಚನಾಶಾಸ್ತ್ರ ಆರನೆಯ ವರ್ಷವೂ ಹಾಗೆಯೇ ಉಳಿದಿರಬೇಕೆಂದು ಪರೀಕ್ಷಾ ಮಂಡಳಿಯೂ ನಂಬಿದೆ.

ಮುನ್ನೂರು ಪ್ರಶ್ನೆ, ನೂರೈವತ್ತು ಬಂದರೆ ಪಾಸು. ತಪ್ಪಿಗೆ ಅಂಕ ಕಳೆಯುವುದಿಲ್ಲ. ಇಷ್ಟು ಸಲೀಸಾಗಿ ಹೇಳಿದರೂ 2024ರ ಜೂನ್ ಸರದಿಯಲ್ಲಿ ಬರೆದವರಲ್ಲಿ ಸರಿಸುಮಾರು ಐವರಿಗೊಬ್ಬರು ದಾಟಿದರು. ಉಳಿದ ನಾಲ್ವರು ಕೋಚಿಂಗ್ ಸೆಂಟರಿನ ಬಾಡಿಗೆ ಕೋಣೆಗೆ ಹಿಂತಿರುಗಿದರು.

ಇಲ್ಲಿ ಒಂದು ನ್ಯಾಯ ಹೇಳಲೇಬೇಕು. ನಮ್ಮ ಜಿಲ್ಲೆಯ ಆಲೂಗಡ್ಡೆಯ ಬಿತ್ತನೆ ಬೀಜ ಪಂಜಾಬಿನ ಜಲಂಧರದಿಂದ ಬರುತ್ತದೆ. ಹಾಸನದ ಎಪಿಎಂಸಿ ಅಂಗಳದಲ್ಲಿ ರೈತ ಮೂಟೆ ಬಿಚ್ಚಿಸಿ, ಗಡ್ಡೆ ಕೈಯಲ್ಲಿ ಹಿಡಿದು, ಕಣ್ಣು ಎಣಿಸಿ, ಒಂದನ್ನು ಕತ್ತರಿಸಿ ನೋಡಿ ಆಮೇಲೆ ದುಡ್ಡು ಬಿಚ್ಚುತ್ತಾನೆ. ಹಾಗೆ ನೋಡಿ ಬಿತ್ತಿದ ಮೇಲೂ ಅಂಗಮಾರಿ ಬಂದು ಹೊಲ ಕಪ್ಪಾದ ವರ್ಷಗಳಿವೆ. ಡಾಕ್ಟರನ್ನು ಕತ್ತರಿಸಿ ನೋಡುವಂತಿಲ್ಲ, ಅದಕ್ಕೇ ಪರೀಕ್ಷೆ. 2022ರ ಡಿಸೆಂಬರಿನಲ್ಲಿ ಸಿಬಿಐ ದಾಖಲಿಸಿದ ಪ್ರಕರಣದಲ್ಲಿ, ಈ ಪರೀಕ್ಷೆ ಪಾಸಾಗದೆಯೇ ಬೇರೆ ಬೇರೆ ರಾಜ್ಯಗಳ ಮಂಡಳಿಗಳಲ್ಲಿ ನೋಂದಣಿ ಮಾಡಿಸಿಕೊಂಡ ಆರೋಪ ಹೊತ್ತ 73 ಮಂದಿ ಇದ್ದರು. ಆದುದರಿಂದ ಪರೀಕ್ಷೆ ಇರಬಾರದೆಂದು ವಾದಿಸುವವರ ಜೊತೆ ನಾನಿಲ್ಲ. ನನ್ನ ತಕರಾರು ಒಳಗಿನ ತಂತಿಯದು.

ಮುನ್ನೂರು ಪ್ರಶ್ನೆಗಳ ಹಂಚಿಕೆಯನ್ನು ಪರೀಕ್ಷಾ ಮಂಡಳಿಯೇ ಅಚ್ಚು ಹಾಕಿದೆ. ಕಣ್ಣಿಗೆ 15. ಕಿವಿ-ಮೂಗು-ಗಂಟಲಿಗೆ 15. ಹೆರಿಗೆಗೆ 30. ಮನಸ್ಸಿಗೆ 5.

ಐದು. ಒಂದೂ ಸರಿ ಬರೆಯದಿದ್ದರೂ ಪಾಸಾಗಬಹುದು. ಅಕ್ಕನ ಮಗನ ಕೋಚಿಂಗಿನಲ್ಲಿ ಆ ಐದಕ್ಕೆ ಒಂದು ಮಧ್ಯಾಹ್ನ ಮೀಸಲಿತ್ತು, ಅದೂ ಮೇಷ್ಟರಿಗೆ ಜ್ವರವೆಂದು ರದ್ದಾಯಿತು. ಹೀಗಿದ್ದೂ ಇವನಿಗೆ ಮನೋವೈದ್ಯಶಾಸ್ತ್ರ ಯಾಕೆ ಹಿಡಿಯಿತೆಂಬುದು ನನಗೆ ಬಹಳ ದಿನ ಬಗೆಹರಿಯಲಿಲ್ಲ.

ಈ ಪ್ಲಗ್ಗನ್ನು ತೆಗೆದು ನೆಕ್ಸ್ಟ್ ಎಂಬ ಹೊಸ ಪ್ಲಗ್ ಹಾಕುತ್ತೇವೆಂದು 2019ರ ಕಾಯ್ದೆಯಲ್ಲಿ ಬರೆದಿದೆ. ನೆಕ್ಸ್ಟ್ ಎಂದರೆ ಇಂಗ್ಲಿಷಿನಲ್ಲಿ 'ಮುಂದಿನದು'. ಮುಂದೆ ಹೋಗುತ್ತಲೇ ಇದೆ.

ಕಾಯಿಸುವುದು

ಪಾಸಾದ ಯಂತ್ರ ಒಡನೆ ಕೆಲಸ ಮಾಡುವುದಿಲ್ಲ. ಕರ್ನಾಟಕ ವೈದ್ಯಕೀಯ ಮಂಡಳಿಯಲ್ಲಿ ತಾತ್ಕಾಲಿಕ ನೋಂದಣಿ ಮಾಡಿಸಿ, ಒಂದು ವರ್ಷ ಇಂಟರ್ನ್‌ಶಿಪ್‌ನಲ್ಲಿ ಕಾಯಿಸಬೇಕು. ಕಾಲೇಜಿನ ಎಂಬಿಬಿಎಸ್ ಸೀಟುಗಳ ಮೇಲೆ ಹೆಚ್ಚೆಂದರೆ ಶೇ. 7.5ರಷ್ಟು ಜಾಗವನ್ನು ವಿದೇಶದಿಂದ ಬಂದವರಿಗೆ ಕೊಡಬಹುದು, ಅವರಿಂದ ಶುಲ್ಕ ಕೀಳಬಾರದು, ಇಲ್ಲಿನವರಿಗೆ ಕೊಡುವಷ್ಟೇ ಭತ್ಯೆ ಕೊಡಬೇಕು ಎಂದು ಆಯೋಗ 2022ರ ಮಾರ್ಚಿನಲ್ಲಿ ಹೇಳಿದೆ. ನೂರೈವತ್ತು ಸೀಟಿನ ಕಾಲೇಜಿಗೆ ಲೆಕ್ಕ ಹಾಕಿ ನೋಡಿ: ಹನ್ನೊಂದೂಕಾಲು ಜನ. ಕಾಲು ಡಾಕ್ಟರ್ ಯಾರೆಂದು ನಿಮ್ಮ ಮನೆಯಲ್ಲೇ ಚರ್ಚೆಯಾಗುವುದು ಬೇಡ.

ಕೋವಿಡ್ಡಿಗೋ ಉಕ್ರೇನಿನ ಯುದ್ಧಕ್ಕೋ ಸಿಕ್ಕಿ ಕೊನೆಯ ವರ್ಷವನ್ನು ಮೊಬೈಲ್ ಪರದೆಯ ಮೇಲೆ ಓದಿದವರಿಗೆ 2022ರ ಜುಲೈನಲ್ಲಿ ಬಂದ ಸುತ್ತೋಲೆಯಂತೆ ಕಾಯಿಸುವ ಅವಧಿ ಎರಡು ವರ್ಷ. ಹೆರಿಗೆಯನ್ನು ಪರದೆಯಲ್ಲಿ ನೋಡಿ ಕಲಿತವನ ಕೈಗೆ ಹೆರಿಗೆ ಕೊಡುವ ಮುನ್ನ ಯೋಚಿಸಬೇಕಾದ್ದೇ.

ಎಚ್ಚರಿಕೆ

ಕೈಪಿಡಿಗಳಲ್ಲಿ ತ್ರಿಕೋನದೊಳಗೆ ಸಿಡಿಲಿನ ಗುರುತು ಹಾಕುವ ಜಾಗ ಇದು. 2022ರ ಮಾರ್ಚ್ 1ರಂದು, ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನಾಲ್ಕನೆಯ ವರ್ಷದ ವೈದ್ಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ದಿನಸಿಗೆ ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ. ಮೂರು ವಾರಗಳ ಮೇಲೆ ದೇಹ ಊರಿಗೆ ಬಂತು. ತಂದೆ ತಾಯಿ ಪೂಜೆ ಮುಗಿಸಿ ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಅಂಕ ಇದ್ದೂ ಇಲ್ಲಿ ಯಾವ ಕಾಲೇಜಿಗೆ ಸೇರಿಸಲು ಆಗಲಿಲ್ಲವೋ ಅಂಥದೊಂದು ಕಾಲೇಜಿಗೆ.

ಮುಂದಿನ ಪುಟ.

ತಜ್ಞ ಭಾಗದ ಜೋಡಣೆ

ಈಗ ನಿಮ್ಮ ಬಳಿ ಸಾದಾ ಡಾಕ್ಟರ್ ಇದ್ದಾನೆ. ಮನೋವೈದ್ಯನಾಗಲು ಮೂರು ವರ್ಷದ ಎಂಡಿ ಬೇಕು, ಅಥವಾ ಡಿಎನ್‌ಬಿ. ದಾರಿ ನೀಟ್-ಪಿಜಿ. ಬೆಂಗಳೂರಿನ ನಿಮ್ಹಾನ್ಸಿಗೆ ಬೇರೆಯದೇ ಪ್ರವೇಶ ಪರೀಕ್ಷೆ. ಅದರ ಬಗ್ಗೆ ಈ ಆವೃತ್ತಿಯಲ್ಲಿ ಆಸೆ ಹುಟ್ಟಿಸುವುದಿಲ್ಲ.

ಇಲ್ಲಿ ಯಂತ್ರದ ಒಂದು ವಿಚಿತ್ರ ಗುಣ ಗಮನಿಸಿ. ಜ್ವರಕ್ಕೆ ಮಾತ್ರೆ ಬರೆಯುವ ಸಾದಾ ಡಾಕ್ಟರಾಗಲು ವಿದೇಶದವನಿಗೆ ನೂರಕ್ಕೆ ಐವತ್ತು ಕಡ್ಡಾಯ, ಒಂದು ಅಂಕವೂ ಕಮ್ಮಿಯಾಗುವಂತಿಲ್ಲ. ಅದೇ ತಜ್ಞನಾಗುವ ನೀಟ್-ಪಿಜಿಯಲ್ಲಿ 2023ರ ಸೆಪ್ಟೆಂಬರಿನಲ್ಲಿ ಸೀಟು ಉಳಿದವೆಂದು ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಿದರು. ಹೊಸಿಲು ಎತ್ತರ, ಅಟ್ಟ ತಗ್ಗು.

ಸೀಟು ಬಂತೆನ್ನಿ. ಮನೆಯಲ್ಲಿ ಹೇಳುವಾಗ ಎಲ್ಲರೂ ಕೂತಿರಲಿ.

'ಯಾವ್ದು ಸಿಕ್ತು? ಹಾರ್ಟಾ?'

'ಸೈಕಿಯಾಟ್ರಿ.'

'ಅಂದ್ರೆ?'

'ಮನಸ್ಸಿನ ಡಾಕ್ಟ್ರು.'

ಅಪ್ಪ ಕಾಫಿ ಲೋಟ ಕೆಳಗಿಡುತ್ತಾರೆ. 'ಹುಚ್ಚರ ಡಾಕ್ಟ್ರಾಗಕ್ಕೆ ಕಿರ್ಗಿಸ್ತಾನ ಯಾಕ್ಬೇಕಿತ್ತು, ಇಲ್ಲೇ ನಮ್ ದೊಡ್ಡಪ್ಪನ ಮನೇಲಿ ಕೂತಿದ್ರೆ ಆಗ್ತಿತ್ತಲ್ಲೋ.' ಇದು ಸಾಮಾನ್ಯ ಶಬ್ದ, ಯಂತ್ರ ಕೆಟ್ಟಿದೆ ಎಂದಲ್ಲ. ಹೆಣ್ಣಿನ ಕಡೆಯವರು ಬಂದಾಗ 'ನ್ಯೂರೋ ತರ' ಎಂದು ಅತ್ತೆ ಯಾರೋ ನಡುವೆ ಬಾಯಿ ಹಾಕಿ ಸಮಾಧಾನ ಮಾಡುತ್ತಾರೆ. ತಿದ್ದಲು ಹೋಗಬೇಡಿ. ಕನ್ನಡಿಗರಿಗೆ ಮನೋವೈದ್ಯ ಎಂದರೆ ಸಿನಿಮಾದ ಮನುಷ್ಯ. 'ಮಾನಸ ಸರೋವರ'ದಲ್ಲಿ ಅವನೇ ಹುಚ್ಚನಾಗುತ್ತಾನೆ, 'ಆಪ್ತಮಿತ್ರ'ದಲ್ಲಿ ಅರಮನೆಗೆ ಬಂದು ನಾಗವಲ್ಲಿಯನ್ನು ಬಿಡಿಸುತ್ತಾನೆ. ಆ ಚಿತ್ರದ ಡಾಕ್ಟರ್ ವಿಜಯ್ ನಮ್ಮ ಮುಂದೆ ಒಂದು ಸಲವೂ ಮಂಡಳಿಯ ನೋಂದಣಿ ಸಂಖ್ಯೆ ತೋರಿಸಲಿಲ್ಲ, ಚಿತ್ರಮಂದಿರದಲ್ಲಿ ಯಾರೂ ಕೇಳಲೂ ಇಲ್ಲ.

ಇನ್ನೊಂದು ಒಳದಾರಿ ಇದೆ, ತಿಳಿದಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯ ಯಾರು ಎಂಬ ವ್ಯಾಖ್ಯೆಯ ತುದಿಯಲ್ಲಿ ಒಂದು ಮಾತು ಸೇರಿಸಿದೆ: ತಿಳಿವಳಿಕೆ, ಅನುಭವ ನೋಡಿ ಒಬ್ಬ ವೈದ್ಯಾಧಿಕಾರಿಯನ್ನು ಮನೋವೈದ್ಯನೆಂದು ರಾಜ್ಯ ಸರ್ಕಾರವೇ ಘೋಷಿಸಬಹುದು. ಇದು ಬರಗಾಲದಲ್ಲಿ ಬರೆದ ವಾಕ್ಯ. ಭಾರತದಲ್ಲಿ ಲಕ್ಷ ಜನಕ್ಕೆ ಒಬ್ಬ ಪೂರ್ತಿ ಮನೋವೈದ್ಯನೂ ಇಲ್ಲ, ಮುಕ್ಕಾಲು ಇದ್ದಾನೆ. ಇದನ್ನು ಬೇಗ ಅರ್ಥ ಮಾಡಿಕೊಂಡವರಲ್ಲಿ ನಮ್ಮ ರಾಜ್ಯವೂ ಒಂದು. ನಿಮ್ಹಾನ್ಸಿನವರು 1970ರ ದಶಕದಲ್ಲಿ ಸಕಲವಾರದಲ್ಲಿ, 80ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾದಾ ಡಾಕ್ಟರಿಗೇ ಮನಸ್ಸಿನ ಕಾಯಿಲೆ ಗುರುತಿಸಲು, ಮಾತ್ರೆ ಕೊಡಲು ಕಲಿಸಿದರು. ಅದೇ ಮುಂದೆ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು. ಐದು ಪ್ರಶ್ನೆಯ ಪರೀಕ್ಷೆ ಬರೆಸುವ ದೇಶವೇ ಬಳ್ಳಾರಿಯನ್ನೂ ಮಾಡಿತ್ತು.

ರಿವರ್ಸ್ ಗೇರ್

ಕೆಲವು ಮಾದರಿಗಳು ಉಲ್ಟಾ ಓಡುತ್ತವೆ. ಹಾಸನದಲ್ಲೇ, ಚಾಮರಾಜೇಂದ್ರ ಆಸ್ಪತ್ರೆಯ ವಾರ್ಡಿನಲ್ಲೇ ಎಂಬಿಬಿಎಸ್ ಕಲಿತು, ಮನೋವೈದ್ಯನಾಗಲು ಇಂಗ್ಲೆಂಡಿಗೆ ಹೊರಡುತ್ತವೆ. ಆಗ ನಮ್ಮ ಪದವಿಯೇ 'ವಿದೇಶಿ' ಆಗುತ್ತದೆ, ನಮ್ಮವರೇ ಪ್ಲಾಬ್ ಎಂಬ ಪ್ಲಗ್ಗಿಗೆ ಸಾಲು ನಿಲ್ಲುತ್ತಾರೆ. ಅದರ ಎರಡನೆಯ ಭಾಗ ಮ್ಯಾಂಚೆಸ್ಟರಿನಲ್ಲಿ, ನಟರು ರೋಗಿಗಳಾಗಿ ಬಂದು ಕೂರುತ್ತಾರೆ, ಗಂಟೆ ಹೊಡೆದರೆ ಅಳು ನಿಲ್ಲಿಸುತ್ತಾರೆ. ದಾಟಿದವರಿಗೆ ಮೂರು ವರ್ಷ ಮೂಲ ತರಬೇತಿ, ಮೂರು ವರ್ಷ ಮೇಲಿನದು, ನಡುವೆ ರಾಯಲ್ ಕಾಲೇಜಿನ ಮೂರು ಪರೀಕ್ಷೆ.

ಆದರೆ ಇವೆಲ್ಲಕ್ಕಿಂತ ಮುಂಚೆ ಬ್ರಿಟಿಷರು ಒಂದು ಕೇಳುತ್ತಾರೆ: ನಿನಗೆ ನಮ್ಮ ರೋಗಿಯ ಮಾತು ತಿಳಿಯುತ್ತದೆಯೇ? ಐಇಎಲ್‌ಟಿಎಸ್‌ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಟ್ಟು 7.5, ಓದು, ಬರಹ, ಮಾತು, ಕೇಳು ಯಾವುದರಲ್ಲೂ 7ಕ್ಕೆ ಕಮ್ಮಿಯಿಲ್ಲ. ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲೇ ಓದಿದವನಿಗೂ ಕಿವಿಯ ಪರೀಕ್ಷೆ ತಪ್ಪದು. ನಮ್ಮವರು ಇದನ್ನು ಅವಮಾನ ಎನ್ನುತ್ತಾರೆ. ನನಗೆ ಹೊಟ್ಟೆಕಿಚ್ಚಾಗುತ್ತದೆ. ಎಫ್‌ಎಂಜಿಇಯ ಮುನ್ನೂರರಲ್ಲಿ ಕನ್ನಡದ್ದು ಒಂದೂ ಇಲ್ಲ.

ಅಲ್ಲಿಂದ ಮರಳಿ ಬರುವವರಿಗೆ ದಾರಿ ಸಲೀಸು. 2008ರ ಅಧಿಸೂಚನೆಯಂತೆ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದು ದೇಶಗಳ ಸ್ನಾತಕೋತ್ತರ ಅರ್ಹತೆಗೆ, ಆಯಾ ದೇಶದಲ್ಲಿ ಆ ವಿಷಯದ ತಜ್ಞನಾಗಿ ಕೆಲಸ ಮಾಡಲು ಅದು ಮಾನ್ಯವಾಗಿದ್ದರೆ, ಇಲ್ಲೂ ಮಾನ್ಯತೆ. ಬಿಷ್ಕೆಕ್‌ನಲ್ಲೇ ಉಳಿದು ಮನೋವೈದ್ಯದ ಆರ್ಡಿನತೂರ ಎಂಬ ತಜ್ಞ ತರಬೇತಿ ಮುಗಿಸಿದವನಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಹುಚ್ಚು ಎಲ್ಲ ದೇಶಕ್ಕೂ ಒಂದೇ, ಸರ್ಟಿಫಿಕೇಟಿಗೆ ಐದೇ ದೇಶ.

ಇತಿಹಾಸದಲ್ಲಿ ಈ ಗೇರು ಹಳೆಯದು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯನ್ನು ನಡೆಸಿದ ಡಾ. ಎಂ.ವಿ. ಗೋವಿಂದಸ್ವಾಮಿಯವರು ಕಡಲಾಚೆ ತರಬೇತಿ ಪಡೆದು ಬಂದವರು. ಇಲ್ಲಿ ಕಲಿಸುವ ಜಾಗ ಇಲ್ಲವೆನ್ನುವಷ್ಟು ಕಮ್ಮಿಯಿತ್ತು, ಕಲಿಯಬೇಕಾದರೆ ಹೆಚ್ಚಾಗಿ ಹಡಗು ಹತ್ತಬೇಕಿತ್ತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾದಾಗ ಅವರೇ ಮೊದಲ ನಿರ್ದೇಶಕರು. ಆಸ್ಪತ್ರೆಯೂ ಆ ಸಂಸ್ಥೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಈಗ ಹಾಸನದಿಂದ 'ನಿಮಾನ್ಸಿ'ಗೆ ಕರೆದುಕೊಂಡು ಹೋಗುವವರ ಬಂಡಿ ಬೆಳಗಿನ ಜಾವವೇ ಹೊರಡುತ್ತದೆ. ಕಡತ ಹಿಡಿದು ನಾನು ಹತ್ತುತ್ತಿದ್ದ ಬಂಡಿಯಲ್ಲೇ ಅವರೂ ಇರುತ್ತಿದ್ದರು. ಮಗನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ ತಾಯಂದಿರು, ನಿದ್ದೆಯಿಲ್ಲದ ಕಣ್ಣಿನ ತಂಗಿಯರು. ಶ್ರವಣಬೆಳಗೊಳದ ಸ್ಟೇಷನ್ ಬಂದಾಗ ಒಬ್ಬ ತಾಯಿ ಕಿಟಕಿಯಿಂದಲೇ ಬೆಟ್ಟಕ್ಕೆ ಕೈ ಮುಗಿದಳು. ಪಕ್ಕದಲ್ಲಿದ್ದ ಮಗನೂ ಮುಗಿದ. ಅಕ್ಕನ ಮಗ ಅವರನ್ನೇ ನೋಡುತ್ತಿದ್ದ. ಅವನಿಗೆ ಈ ವಿಷಯ ಹಿಡಿದದ್ದು ಯಾವ ಕೋಚಿಂಗಿನಲ್ಲಿ ಎಂದು ನನಗೆ ಅಂದು ಗೊತ್ತಾಯಿತು.

ಕೈಪಿಡಿಯಲ್ಲಿ ಇಲ್ಲದ ಬಿಡಿಭಾಗ

ಉಳಿದ ತಜ್ಞರಿಗೆ ಯಂತ್ರವಿದೆ. ಹೃದಯದವನಿಗೆ ಇಸಿಜಿ, ಮೂಳೆಯವನಿಗೆ ಎಕ್ಸ್‌ರೇ. ಮನೋವೈದ್ಯನಿಗೆ ಇರುವುದು ಕಿವಿ. ಈ ಬಿಡಿಭಾಗ ಬಿಷ್ಕೆಕ್‌ನ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ವಾರ್ಡು ರಷ್ಯನ್ನಿನಲ್ಲಿ. 'ಶ್ತೋ ಬಲಿತ್?' ಎಂದರೆ ಏನು ನೋಯುತ್ತಿದೆ ಎಂದರ್ಥ. ನಮ್ಮ ಹುಡುಗ ಆರು ವರ್ಷ ಅದನ್ನೇ ಕೇಳಿ ಕೇಳಿ ಬಲಿತ.

ಹೀಗಾಗಿ ಈ ಭಾಗವನ್ನು ಸ್ಥಳೀಯವಾಗಿ ಕೂರಿಸಬೇಕು.

'ಬೇಜಾರು' ಎಂಬ ಮಾತಿನಿಂದ ಶುರು ಮಾಡಿ. ಹಾಸನ ಜಿಲ್ಲೆಯಲ್ಲಿ ಬಸ್ಸು ಬರದಿದ್ದರೆ ಬೇಜಾರು, ಭಾವ ಮದುವೆಗೆ ಕರೆಯದಿದ್ದರೆ ಬೇಜಾರು, ಮೂರು ತಿಂಗಳಿಂದ ಅನ್ನ ಸೇರದೆ, ಬೆಳಗಿನ ಜಾವ ಮೂರಕ್ಕೆ ಎಚ್ಚರಾಗಿ ತೊಲೆ ನೋಡುತ್ತ ಮಲಗಿರುವುದೂ ಬೇಜಾರು. ಮೂರನೆಯದನ್ನು ಮೊದಲೆರಡರಿಂದ ಬಿಡಿ ಮಾಡುವುದಕ್ಕೇ ಎಂಡಿ ಎಂಬುದು ನನ್ನ ಅಂದಾಜು. ಆಮೇಲೆ 'ಎದೆ ಡವಗುಟ್ತದೆ', 'ತಲೆ ದಿಮ್ಮಂತದೆ', 'ಕೈಕಾಲು ಸೋಲ್ತವೆ', 'ಜೀವ ಒಲ್ಲೆ ಅಂತದೆ'. ಕೊನೆಯದು ಬಂದಾಗ ಪೆನ್ನು ಕೆಳಗಿಡಬೇಕು.

'ಮೈಮೇಲೆ ಬತ್ತದೆ' ಎಂದರೆ ಏನು ಮಾಡಬೇಕು? ಎಲ್ಲಿ, ಯಾವಾಗ ಎಂದು ಕೇಳಿ. ಊರಹಬ್ಬದಲ್ಲಿ, ಪೂಜಾರಪ್ಪನಿಗೆ, ಹತ್ತು ಜನರ ಮುಂದೆ ಬಂದರೆ ಅದು ದೇವರು, ಪಠ್ಯಪುಸ್ತಕಗಳೂ ಅದನ್ನು ಕಾಯಿಲೆ ಎನ್ನುವುದಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಗೆ, ಅತ್ತೆ ಊಟಕ್ಕೆ ಕರೆದಾಗಲೆಲ್ಲ ಬಂದರೆ, ದೇವರನ್ನು ಬಿಟ್ಟು ಅತ್ತೆಯನ್ನು ವಿಚಾರಿಸಬೇಕು. 'ಯಾರೋ ಮಾಡ್ಸವ್ರೆ' ಎಂದವರಿಗೆ 'ಅದೆಲ್ಲ ಮೂಢನಂಬಿಕೆ' ಎಂದು ಭಾಷಣ ಬಿಗಿದರೆ ಅವರು ಮುಂದಿನ ವಾರ ಬರುವುದಿಲ್ಲ. ನಿಂಬೆಹಣ್ಣು ಮಂತ್ರಿಸಿಕೊಂಡು ಬಂದರೂ ಇರಲಿ, ಮಾತ್ರೆಯನ್ನೂ ನುಂಗಲಿ. ನಮ್ಮ ಜಿಲ್ಲೆಯಲ್ಲಿ ನಿಂಬೆಹಣ್ಣಿನ ಮೇಲಿನ ಗೌರವ ರೋಗಿಗಳಿಗೆ ಮಾತ್ರ ಸೀಮಿತವಲ್ಲ, ಅದನ್ನು ಇಲ್ಲಿಗೇ ಬಿಡೋಣ.

ಇನ್ನು ಒಂದು ಮಾತು, ಅದನ್ನು ಕೆಂಪು ಅಕ್ಷರದಲ್ಲಿ ಅಚ್ಚು ಹಾಕಬೇಕಿತ್ತು. 'ಔಷಧಿ'. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪಿಗೆ, ಆಲೂಗಡ್ಡೆಗೆ ಹೊಡೆಯುವುದೂ ಔಷಧಿಯೇ. 'ಹೋದ್ವರ್ಸ ಒಂದ್ಸಲ ಔಷ್ದಿ ತಗಂಡ್‌ಬುಟ್ಟಿದ್ದ' ಎಂದು ಹೆಂಡತಿ ತಲೆ ತಗ್ಗಿಸಿ ಹೇಳಿದರೆ, ಪಟ್ಟಣದಲ್ಲಿ ಬೆಳೆದ ಹುಡುಗ 'ಯಾವ ಔಷಧಿ, ಚೀಟಿ ಇದೆಯಾ?' ಎಂದು ಕೇಳಿಬಿಡಬಹುದು. ಆಕೆ ಹೇಳಿದ್ದು ಅದಲ್ಲ. ಆ ಮನೆಯಲ್ಲಿ ಡಬ್ಬಿಯನ್ನು ಬೀಗದೊಳಗೆ ಇಡಿಸಬೇಕು, ಮುಂದಿನ ಭೇಟಿ ಮೂರು ದಿನದೊಳಗೆ ಇಡಬೇಕು, ರಾತ್ರಿ ಹೊತ್ತು ಮಾತಾಡಲು 14416 ಎಂಬ ಟೆಲಿ ಮಾನಸ್ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡಬೇಕು. ಒಂದು ಶಬ್ದ ತಿಳಿಯದಿದ್ದರೆ ಇಷ್ಟೂ ತಪ್ಪಿಹೋಗುತ್ತದೆ.

ಈ ಶಬ್ದವನ್ನು ಯಾವ ಪರೀಕ್ಷೆಯೂ ಕೇಳಿಲ್ಲ. ಯಾವ ಅಪೊಸ್ಟಿಲ್ಲೂ ಇದಕ್ಕೆ ಮುದ್ರೆ ಒತ್ತುವುದಿಲ್ಲ. ಇಲ್ಲೇ ಹುಟ್ಟಿ, ಬೆಂಗಳೂರಿನ ದುಬಾರಿ ಕಾಲೇಜಿನಲ್ಲಿ ಓದಿದವನಿಗೂ ಗೊತ್ತಿಲ್ಲದಿರಬಹುದು, ಬಿಷ್ಕೆಕ್‌ಗೆ ಹೋಗಿಬಂದ ಹೊಗೆಸೊಪ್ಪು ಬೆಳೆಗಾರನ ಮಗನಿಗೆ ಗೊತ್ತಿರಬಹುದು.

ಪದೇ ಪದೇ ಕಾಣುವ ದೋಷಗಳು

ಡಾಕ್ಟರ್ ಬೆಳಗಿನ ಹೊತ್ತು ಏಳುವುದಿಲ್ಲ, ಮೂರನೆಯ ಪ್ರಯತ್ನದ ಫಲಿತಾಂಶ ನೋಡಿದ ಮೇಲಿಂದ ಮಾತಾಡುವುದಿಲ್ಲ: ಯಂತ್ರವನ್ನು ಬಡಿಯಬೇಡಿ. ಪಕ್ಕದ ಮನೆಯ ಮಗನ ಸಂಬಳ ಹೇಳಬೇಡಿ. ಇವನಿಗೂ ಒಬ್ಬ ಮನೋವೈದ್ಯನನ್ನು ತೋರಿಸಿ. ಇದು ತಮಾಷೆಯಲ್ಲ.

ಕಡತ ಹೋದ ಕಡೆಯಲ್ಲೇ ಇದೆ: ಮತ್ತೊಂದು ಪ್ರತಿ ಕಳಿಸಿ.

ಊರವರು ಬಿಪಿ ನೋಡಲು ಮನೆಗೇ ಬರುತ್ತಾರೆ: ನೋಂದಣಿ ಬರುವ ತನಕ ನೋಡಬಾರದು. ಕಾಫಿ ಕೊಡಬಹುದು.

ಮೊದಲ ಚಾಲನೆ

ಎಲ್ಲ ಸರಿಯಾಗಿ ಕೂತಿದ್ದರೆ ಒಂದು ಮಂಗಳವಾರ ಗುಂಡಿ ಒತ್ತಿ. ಮಂಗಳವಾರ ಯಾಕೆಂದರೆ, ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳಿಸಲು ರಾಜ್ಯದ ಮನೋಚೈತನ್ಯ ಕಾರ್ಯಕ್ರಮ ಹಿಡಿದ ದಿನ ಅದು. ಮಂಗಳವಾರ ಹೊಸ ಕೆಲಸ ಹಿಡಿಯಬಾರದೆಂದು ಅಜ್ಜಿ ಹೇಳುತ್ತಾರೆ. ಕಾಯಿಲೆ ಬಹಳ ಹಳತು, ಪರವಾಗಿಲ್ಲ.

ಹೊಳೆನರಸೀಪುರ ಎಂದಿಟ್ಟುಕೊಳ್ಳಿ. ಕೋಣೆ ಚಿಕ್ಕದು, ಫ್ಯಾನು ಸದ್ದು ಮಾಡುತ್ತದೆ, ಪಕ್ಕದ ಕೋಣೆಯಲ್ಲಿ ಮಗುವಿಗೆ ಇಂಜೆಕ್ಷನ್. ಅರವತ್ತು ದಾಟಿದ ಹೆಂಗಸು ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಹಿಂದೆ ತೋರಿಸಿದ ಚೀಟಿಗಳು ಪ್ಲಾಸ್ಟಿಕ್ ಚೀಲದಲ್ಲಿವೆ: ಹೊಟ್ಟೆಯ ಡಾಕ್ಟರು, ನರದ ಡಾಕ್ಟರು, ಎರಡು ಸಲ ಎಂಡೋಸ್ಕೋಪಿ, ಎಲ್ಲ ನಾರ್ಮಲ್. ಮೇಜಿನ ಮೇಲಿನ ಹೆಸರಿನ ಫಲಕದಲ್ಲಿ 'ಎಚ್.ಎನ್.' ಇದೆ. ಅದನ್ನು ಓದಲು ಅವರಿಗೆ ಬಾರದು.

'ಯಾವೂರಪ್ಪ ನಿಂದು?'

'ಇಲ್ಲೇ, ಒಳೇನರ್ಸೀಪುರ.'

'ಎಲ್ಲಿ ಕಲ್ತಿದ್ದು?'

'ದೂರ ಅವ್ವ. ಅಲ್ಲಿ ಬರೀ ಹಿಮ.'

'ಹಿಮ ಅಂದ್ರೆ?'

'ಇಬ್ಬನಿ ಗಟ್ಟಿಯಾದಂಗೆ.' ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಕೇಳುತ್ತಾನೆ: 'ಏನಾಗ್ತದೆ ನಿಮ್ಗೆ?'

'ಏನಿಲ್ಲ ಕಣಪ್ಪ. ಬೇಜಾರು.'

'ಯಾವ್ ತರ ಬೇಜಾರು?'

ಆಕೆ ಚೀಲವನ್ನು ಮೇಜಿನ ಮೇಲಿಂದ ತೆಗೆದು ನೆಲಕ್ಕಿಡುತ್ತಾರೆ. ಕುರ್ಚಿಯಲ್ಲಿ ಒಸಿ ಹಿಂದಕ್ಕೆ ಸರಿದು ಕೂರುತ್ತಾರೆ. ಹೊರಗೆ ಇನ್ನೂ ಮೂವತ್ತು ಚೀಟಿ ಕಾದಿವೆ, ಹನ್ನೆರಡೂವರೆಯ ಅರಕಲಗೂಡು ಬಸ್ಸು ಹಾರ್ನ್ ಹಾಕುತ್ತಿದೆ.